ಮೊದಲು ಬಾಳೆ, ಕೊನೆಗೆ ಭತ್ತ

ಮಣಿಪಾಲದ ಕಚೇರಿಯೊಂದಕ್ಕೆ ವರದಿಯ ಕೆಲಸಕ್ಕೆಂದು ಹೋಗಿದ್ದಾಗ ಗೋಡೆಯ ಮೇಲೆ ದೊಡ್ಡದೊಂದು ಬಿಳಿ ಹಲಗೆ ಕಣ್ಣಿಗೆ ಬಿತ್ತು. ಅದರಲ್ಲಿ ಮೂರು ಅಂಕಣಗಳು: ಕೆಲಸ ಯಾವುದು, ಯಾರ ಹೊಣೆ, ಯಾವಾಗ ಮುಗಿಯಬೇಕು. ಮೊದಲ ಎರಡು ಅಂಕಣಗಳು ಅಚ್ಚುಕಟ್ಟಾಗಿದ್ದವು. ಮೂರನೆಯದರಲ್ಲಿ ಮಾತ್ರ ಒಂದು ದಿನಾಂಕ ಬರೆದು, ಅದನ್ನು ಹೊಡೆದು, ಪಕ್ಕದಲ್ಲಿ ಇನ್ನೊಂದು ಬರೆದು, ಅದನ್ನೂ ಹೊಡೆದು, ಕೊನೆಗೆ ಯಾರೋ ಬೇಸತ್ತು ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟಿದ್ದರು. ‘ತಂಡದಲ್ಲಿ ಬುದ್ಧಿವಂತರಿಗೇನೂ ಕೊರತೆಯಿಲ್ಲ ಮಾರಾಯ್ರೆ, ಕೆಲಸ ಮಾತ್ರ ಮುಗಿಯುವುದಿಲ್ಲ’ ಎಂದು ಅಲ್ಲಿನವರೊಬ್ಬರು ನಕ್ಕರು.

ಅಲ್ಲಿಂದ ಐದಾರು ಕಿಲೋಮೀಟರು ಇಳಿದು ಬಂದರೆ ಉಡುಪಿಯ ರಥಬೀದಿ. ಈ ಬೀದಿಯಲ್ಲಿ ಒಂದು ಕೆಲಸದ ಪಾಳಿ ಸುಮಾರು ಐನೂರು ವರ್ಷಗಳಿಂದ ಲೆಕ್ಕ ತಪ್ಪದೆ ಕೈಯಿಂದ ಕೈಗೆ ದಾಟುತ್ತ ಬಂದಿದೆ. ಅದು ಕೃಷ್ಣಮಠದ ಪರ್ಯಾಯ. ಸಮಸಂಖ್ಯೆಯ ವರ್ಷಗಳ ಜನವರಿ 18ರ ನಸುಕಿನಲ್ಲಿ ನಡೆಯುವ ಮೆರವಣಿಗೆ, ಟ್ಯಾಬ್ಲೊ, ದೀಪಾಲಂಕಾರ, ದರ್ಬಾರು ಇವೆಲ್ಲ ನಮ್ಮ ಕಡೆಯವರಿಗೆ ಗೊತ್ತಿರುವ ಸಂಗತಿಯೇ. ಪರ್ಯಾಯವನ್ನು ಹಬ್ಬವಾಗಿ ನೋಡುವ ಅಭ್ಯಾಸ ನಮಗಿದೆ. ಅದನ್ನು ಒಂದು ಕೆಲಸವಾಗಿ, ಅದೂ ನೂರಾರು ಜನ ಸೇರಿ ನಿಗದಿತ ದಿನಕ್ಕೆ ಮುಗಿಸಲೇಬೇಕಾದ ಕೆಲಸವಾಗಿ ನೋಡಿದರೆ ಏನು ಕಾಣುತ್ತದೆ ಎಂಬುದು ಈ ಲೇಖನದ ಕುತೂಹಲ.

ಮೊದಲು ಹಿನ್ನೆಲೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜೆಯ ಹೊಣೆಯನ್ನು ಎಂಟು ಮಂದಿ ಸಂನ್ಯಾಸಿ ಶಿಷ್ಯರಿಗೆ ವಹಿಸಿದರು. ಒಬ್ಬೊಬ್ಬರಿಗೆ ಎರಡೆರಡು ತಿಂಗಳು. ಈ ಎಂಟು ಪರಂಪರೆಗಳೇ ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು ಮತ್ತು ಪೇಜಾವರ ಮಠಗಳು. 16ನೇ ಶತಮಾನದಲ್ಲಿ ಸೋದೆ ಮಠದ ವಾದಿರಾಜರು ಈ ಎರಡು ತಿಂಗಳ ಪಾಳಿಯನ್ನು ಎರಡು ವರ್ಷಕ್ಕೆ ಏರಿಸಿದರು. ಹಾಗೆ ನಡೆದ ಮೊದಲ ಪರ್ಯಾಯ 1522ರದ್ದು ಎಂದು ಮಠಗಳ ಗಣನೆ.

ಇಲ್ಲೊಂದು ಸಣ್ಣ ಗಣಿತವಿದೆ. ಎಂಟು ಮಠಗಳಿಗೆ ಎರಡೆರಡು ತಿಂಗಳಾದರೆ ಒಂದು ಸುತ್ತಿಗೆ 16 ತಿಂಗಳು. ಎರಡೆರಡು ವರ್ಷವಾದರೆ 16 ವರ್ಷ. ಯಾವ ಮಠಕ್ಕೂ ಒಂದು ದಿನ ಹೆಚ್ಚು ಸಿಗಲಿಲ್ಲ, ಒಂದು ದಿನ ಕಡಿಮೆಯೂ ಆಗಲಿಲ್ಲ. ಎಂಟರಲ್ಲಿ ಒಂದು ಪಾಲು ಎಂಬುದು ಹಾಗೆಯೇ ಉಳಿಯಿತು. ಬದಲಾದದ್ದು ಅಳತೆಗೋಲು ಮಾತ್ರ. ಆದರೆ ಅಷ್ಟರಿಂದಲೇ ಕೆಲಸದ ಸ್ವರೂಪ ಪೂರ್ತಿ ಬದಲಾಯಿತು. 14 ತಿಂಗಳಿಗೊಮ್ಮೆ ಮತ್ತೆ ಉಡುಪಿಗೆ ಓಡಿಬರಬೇಕಾದ ಸ್ವಾಮಿಗಳು ದೂರದ ಸಂಚಾರ, ಪಾಠ ಪ್ರವಚನ, ಗ್ರಂಥರಚನೆ ಯಾವುದನ್ನೂ ನೆಮ್ಮದಿಯಿಂದ ಕೈಗೆತ್ತಿಕೊಳ್ಳುವಂತಿರಲಿಲ್ಲ. 14 ವರ್ಷ ಸಿಕ್ಕಿದರೆ ದೇಶ ಸುತ್ತಬಹುದು, ಶಿಷ್ಯರನ್ನು ತಯಾರು ಮಾಡಬಹುದು, ಮುಂದಿನ ಪಾಳಿಗೆ ಬೇಕಾದ ಸಂಪನ್ಮೂಲ ಕೂಡಿಸಬಹುದು. ಪಾಳಿ ಕೈಗೆ ಬಂದ ಮೇಲೂ ಅಷ್ಟೇ. ಎರಡು ತಿಂಗಳಲ್ಲಿ ಪೂಜೆ ನಡೆಸಿಕೊಂಡು ಹೋಗಬಹುದೇ ಹೊರತು ಬೇರೇನನ್ನೂ ಕಟ್ಟಲಾಗದು. ಎರಡು ವರ್ಷದಲ್ಲಿ ಕಟ್ಟಬಹುದು. ಪಲಿಮಾರು ಮಠದ 2018–20ರ ಪಾಳಿಯಲ್ಲಿ ಕೃಷ್ಣನ ಗರ್ಭಗುಡಿಗೆ ಸುವರ್ಣ ಗೋಪುರ ಏರಿದ್ದು ಇದಕ್ಕೆ ಹತ್ತಿರದ ಉದಾಹರಣೆ. ಹಂಚಿಕೆಯ ನ್ಯಾಯವನ್ನು ಮುಟ್ಟದೆ, ಯಾರೊಬ್ಬರ ಪಾಲನ್ನೂ ಕಸಿಯದೆ, ಬರೀ ಅವಧಿಯನ್ನು ಹಿಗ್ಗಿಸಿ ಸಮಸ್ಯೆ ಬಿಡಿಸಿದ ವಾದಿರಾಜರದ್ದು ಎಂಥ ತಿಳಿಯಾದ ತಲೆ ಎಂದು ನನಗೆ ಪ್ರತಿಸಲವೂ ಬೆರಗಾಗುತ್ತದೆ.

ಇದರಿಂದ ಇನ್ನೊಂದು ಅನುಕೂಲವಾಯಿತು. ಯಾರ ಸರದಿ ಯಾವಾಗ ಎಂಬುದನ್ನು ಯಾರು ಬೇಕಾದರೂ ಕಾಗದ ಪೆನ್ಸಿಲು ಹಿಡಿದು ಹೇಳಬಹುದು. 1522ಕ್ಕೆ 16ರಂತೆ 31 ಸಲ ಕೂಡಿಸುತ್ತ ಬನ್ನಿ, 2018 ಬರುತ್ತದೆ. ಆ ವರ್ಷ ಪಲಿಮಾರು ಮಠದಿಂದ 32ನೆಯ ಸುತ್ತು ಆರಂಭವಾಯಿತು. 2020ರಲ್ಲಿ ಅದಮಾರು, 2022ರಲ್ಲಿ ಕೃಷ್ಣಾಪುರ, 2024ರಲ್ಲಿ ಪುತ್ತಿಗೆ, 2026ರಲ್ಲಿ ಶೀರೂರು. ದಿನವನ್ನು ಗೊತ್ತುಮಾಡಲು ಸಭೆ ಸೇರಬೇಕಾಗಿಲ್ಲ, ಚರ್ಚೆ ಬೇಕಿಲ್ಲ. ದಿನ ಅಲ್ಲಿಯೇ ಇದೆ, ನೂರು ವರ್ಷ ಮುಂದಿನದ್ದೂ ಇದೆ. ಉಳಿದ ಕೆಲಸವೆಲ್ಲ ಆ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬರುವುದಷ್ಟೇ.

ಹಾಗೆ ಹಿಂದಕ್ಕೆ ಎಣಿಸುವ ಕ್ರಮವೇ ನಾಲ್ಕು ಮುಹೂರ್ತಗಳು. ಪರ್ಯಾಯಕ್ಕೆ ಸುಮಾರು ಒಂದು ವರ್ಷ ಇರುವಾಗಲೇ ಬಾಳೆ ಮುಹೂರ್ತ. ಅದಾದ ಮೇಲೆ ಅಕ್ಕಿ ಮುಹೂರ್ತ, ಬಳಿಕ ಕಟ್ಟಿಗೆ ಮುಹೂರ್ತ, ಪರ್ಯಾಯಕ್ಕೆ ಒಂದೆರಡು ತಿಂಗಳು ಉಳಿದಿರುವಾಗ ಭತ್ತ ಮುಹೂರ್ತ. ಊಟದ ಸಾಮಗ್ರಿಯನ್ನು ಹೊಂದಿಸುವುದಕ್ಕೆ ಇಷ್ಟೊಂದು ಶಾಸ್ತ್ರ ಯಾಕೆ ಎಂದು ಮೊದಲ ಬಾರಿ ವರದಿಗೆ ಹೋದಾಗ ನನಗೂ ಅನ್ನಿಸಿತ್ತು. ಒಂದು ಕ್ಷಣ ರೈತನ ಕಣ್ಣಿನಿಂದ ನೋಡಿದರೆ ವಿಷಯ ಬೇರೆಯಾಗುತ್ತದೆ.

ಕೃಷ್ಣನ ಉಡುಪಿಯಲ್ಲಿ ಪೂಜೆಯಷ್ಟೇ ದೊಡ್ಡ ಕೆಲಸ ಊಟ. ಊಟಕ್ಕೆ ಬಾಳೆಲೆ ಬೇಕು, ನೈವೇದ್ಯಕ್ಕೆ ಬಾಳೆಹಣ್ಣು ಬೇಕು. ಬಾಳೆ ನೆಟ್ಟು ಗೊನೆ ಕಡಿಯಬೇಕಾದರೆ ಹೆಚ್ಚು ಕಡಿಮೆ ಒಂದು ವರ್ಷ ಕಾಯಬೇಕು. ಎಷ್ಟೇ ಜನ ಸೇರಿದರೂ, ಎಷ್ಟೇ ದುಡ್ಡು ಸುರಿದರೂ ಬಾಳೆಗಿಡ ಆರು ತಿಂಗಳಲ್ಲಿ ಗೊನೆ ಹಾಕುವುದಿಲ್ಲ. ಆದ್ದರಿಂದ ಮೊದಲು ಬಾಳೆ. ಅದರ ಜೊತೆಗೇ ತುಳಸಿ, ಕಬ್ಬು ಸಹ ನೆಡುವ ಪದ್ಧತಿಯಿದೆ. ಅಕ್ಕಿ ಕೂಡಿಡಬಹುದಾದ ವಸ್ತು. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಮುಡಿ ಎಂದರೆ 42 ಸೇರು ಎಂದು ಇಂದಿನ ಮಕ್ಕಳಿಗೆ ಹೇಳಿಕೊಡಬೇಕಾದ ಕಾಲ ಬಂದಿದೆ, ಇರಲಿ. ಕಟ್ಟಿಗೆಯನ್ನು ಕಡಿದ ಕೂಡಲೇ ಒಲೆಗೆ ಹಾಕುವಂತಿಲ್ಲ. ಒಣಗಲು ತಿಂಗಳುಗಳು ಬೇಕು, ನಮ್ಮ ಮಳೆಯ ಊರಿನಲ್ಲಂತೂ ಇನ್ನೂ ಹೆಚ್ಚು. ಕೊನೆಯಲ್ಲಿ ಭತ್ತ. ಏಣೆಲು ಬೆಳೆಯ ಕೊಯ್ಲು ಮುಗಿದು ಹೊಸ ಭತ್ತ ಅಂಗಳಕ್ಕೆ ಬರುವುದೇ ಆ ಹೊತ್ತಿಗೆ. ಅಕ್ಕಿಗಿಂತ ಭತ್ತ ಹೆಚ್ಚು ಕಾಲ ಬಾಳುತ್ತದೆ, ಎರಡು ವರ್ಷದ ಪಾಳಿಗೆ ಅದು ಕಣಜದ ಭರವಸೆ. ಈ ಮುಹೂರ್ತಗಳಿಗೆ ಧಾರ್ಮಿಕ ಅರ್ಥಗಳೂ ಇವೆ. ಬೇಸಾಯದ ಲೆಕ್ಕದಲ್ಲಿ ಹೀಗೆ ಓದಿದ್ದು ನನ್ನ ಓದು.

ಭತ್ತ ಮುಹೂರ್ತದ ಹೊತ್ತಿಗೆ ಉಡುಪಿಗೆ ಬಂದವರು ಮಧ್ವ ಸರೋವರದ ಬಳಿ, ಭೋಜನಶಾಲೆಯ ಹಿಂಭಾಗದಲ್ಲಿ ಕಟ್ಟಿಗೆ ರಥವನ್ನು ನೋಡಬಹುದು. ಸೌದೆಯನ್ನು ತೇರಿನ ಆಕಾರದಲ್ಲಿ ಸುತ್ತಲೂ ಒಪ್ಪವಾಗಿ ಪೇರಿಸಿರುತ್ತಾರೆ. ಹಗ್ಗ ಮೊಳೆಗಳ ಹಂಗಿಲ್ಲದಂತೆ ಕಾಣುವ ಆ ಸೌದೆಯ ರಾಶಿ ಜಾರದೆ ನಿಲ್ಲುವುದು ಪೇರಿಸುವ ಕೈಯ ಹದದಿಂದ. ಎಲ್ಲರಿಂದ ಆಗುವ ಕೆಲಸವಲ್ಲ ಅದು. ಕಟ್ಟಿಗೆ ಮುಹೂರ್ತದಂದು ಶುರುವಾದ ರಥಕ್ಕೆ ಭತ್ತ ಮುಹೂರ್ತದಂದು ಶಿಖರ ಇಡುತ್ತಾರೆ. ನೋಡಲು ಚಂದ ಎಂಬುದು ಒಂದು ಮಾತು. ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಸೌದೆ ಎಷ್ಟು ಬಂದಿದೆ, ಎಷ್ಟು ಬಾಕಿ ಎಂಬುದು ಯಾವ ಕಡತ ತೆರೆಯದೆ ಬೀದಿಯಲ್ಲಿ ಹೋಗುವವನಿಗೂ ಗೊತ್ತಾಗುತ್ತದೆ. ತಯಾರಿ ಹಿಂದೆ ಬಿದ್ದಿದ್ದರೆ ಮುಚ್ಚಿಡುವ ಹಾಗಿಲ್ಲ. ರಥವೇ ಗಿಡ್ಡಗೆ ನಿಂತು ಎಲ್ಲವನ್ನೂ ಹೇಳಿಬಿಡುತ್ತದೆ.

ನಿರ್ವಹಣಾ ಶಾಸ್ತ್ರದ ಪುಸ್ತಕಗಳಲ್ಲಿ ಇದೇ ವಿಚಾರ ಬಹಳ ತಡವಾಗಿ ಕಾಣಿಸಿಕೊಂಡಿತು. ಕೆಲಸಗಳನ್ನು ಕಾಲದ ಗೆರೆಯ ಮೇಲೆ ಪಟ್ಟಿಪಟ್ಟಿಯಾಗಿ ಬರೆಯುವ ನಕ್ಷೆಯನ್ನು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಪ್ರಚಾರಕ್ಕೆ ತಂದದ್ದು 1910ರ ದಶಕದಲ್ಲಿ. ಅದಕ್ಕೂ ಮೊದಲು 1896ರಲ್ಲಿ ಪೋಲೆಂಡಿನ ಕರೋಲ್ ಅದಾಮಿಯೆಸ್ಕಿ ಅಂಥದ್ದೇ ಒಂದನ್ನು ಮಾಡಿದ್ದರು. 1957ರ ಸುಮಾರಿಗೆ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದರ ಹಿಂದೊಂದು ಬರಬೇಕಾದ ಕೆಲಸಗಳ ಸರಪಳಿಗಳಲ್ಲಿ ಅತಿ ಉದ್ದನೆಯದು ಯಾವುದೋ ಅದೇ ಇಡೀ ಯೋಜನೆಯ ಅವಧಿಯನ್ನು ನಿರ್ಧರಿಸುತ್ತದೆ, ಹಾಗಾಗಿ ಕಣ್ಣು ಅದರ ಮೇಲಿರಲಿ ಎಂಬುದು ಅವರ ವಿಧಾನದ ಸಾರ. ಮಿಕ್ಕವು ನಾಲ್ಕು ದಿನ ಹಿಂದುಮುಂದಾದರೆ ನಡೆದೀತು, ಇದು ಒಂದು ದಿನ ತಡವಾದರೆ ಎಲ್ಲವೂ ಒಂದು ದಿನ ತಡ. ಉಡುಪಿಯ ಲೆಕ್ಕದಲ್ಲಿ ಹೇಳುವುದಾದರೆ ಆ ಉದ್ದನೆಯ ಸರಪಳಿಯೇ ಬಾಳೆಗಿಡ.

ಡಿಪ್ಲೊಮಾ ಓದುವಾಗ ನಮ್ಮ ತರಗತಿಯವರೆಲ್ಲ ಸೇರಿ ಪ್ರಾಯೋಗಿಕ ಪತ್ರಿಕೆಯೊಂದನ್ನು ತರಲು ಹೊರಟಿದ್ದೆವು. ಹೆಸರು ಏನಿಡಬೇಕು ಎಂದು ಎರಡು ವಾರ ಜಗಳ, ಮುಖಪುಟದ ಬಣ್ಣಕ್ಕೆ ಇನ್ನೊಂದು ವಾರ. ಮುದ್ರಣಾಲಯದಲ್ಲಿ ನಮ್ಮ ಸರದಿಯನ್ನು ಒಂದು ತಿಂಗಳು ಮೊದಲೇ ಕಾದಿರಿಸಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ, ಸಂಪಾದಕನಾಗಿದ್ದ ನನಗೂ. ಪತ್ರಿಕೆ ಹೊರಬಂದದ್ದು ಪರೀಕ್ಷೆ ಮುಗಿದು ಎಲ್ಲರೂ ಊರಿಗೆ ಹೋದ ಮೇಲೆ. ಸುಲಭದ ಮತ್ತು ಖುಷಿಯ ಕೆಲಸಕ್ಕೆ ಮೊದಲು ಕೈಹಾಕಿ, ನಿಧಾನವಾಗಿ ಬೆಳೆಯುವುದನ್ನು ಕೊನೆಗೆ ಬಿಡುವುದು ನಮ್ಮ ಸಹಜ ಬುದ್ಧಿ. ಬಾಳೆ ಮುಹೂರ್ತ ಆ ಸಹಜ ಬುದ್ಧಿಗೆ ವಿರುದ್ಧವಾದದ್ದು.

ಇನ್ನು ಮಣಿಪಾಲದ ವಿಷಯಕ್ಕೆ ಬಂದರೆ, ಆ ಗುಡ್ಡದ ಮೇಲಿನ ಊರು ಹುಟ್ಟಿಕೊಂಡದ್ದೇ ಇಂಥದೊಂದು ಲೆಕ್ಕಾಚಾರದಿಂದ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದಾಗ ವಿದ್ಯಾರ್ಥಿಗಳಿಗೆ ರೋಗಿಗಳ ನಡುವೆ ತರಬೇತಿ ಕೊಡುವಂಥ ದೊಡ್ಡ ಆಸ್ಪತ್ರೆ ಅಲ್ಲಿರಲಿಲ್ಲ. ಆಸ್ಪತ್ರೆಯಿಲ್ಲದೆ ವೈದ್ಯಕೀಯ ಕಾಲೇಜೇ ಎಂದು ಕೇಳುವುದು ಸಹಜ. ಆದರೆ ಸೇರಿದ ವಿದ್ಯಾರ್ಥಿಗೆ ಮೊದಲ ದಿನವೇ ಆಸ್ಪತ್ರೆ ಬೇಕಾಗಿಲ್ಲ. ಮೊದಲು ಅಂಗರಚನೆ, ಶರೀರಕ್ರಿಯೆಗಳ ಪಾಠ. ವಾರ್ಡಿಗೆ ಕಾಲಿಡುವುದು ಆಮೇಲೆ. ಆ ಹೊತ್ತಿಗೆ, 1955ರಲ್ಲಿ, ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯನ್ನು ಬಳಸಿಕೊಂಡು ತರಬೇತಿ ಆರಂಭವಾಯಿತು. ಯಾವುದು ಇಂದೇ ಬೇಕು, ಯಾವುದು ಎರಡು ವರ್ಷದ ಬಳಿಕ ಬೇಕು, ಯಾವುದನ್ನು ಸ್ವಂತ ಕಟ್ಟದೆ ಇದ್ದುದನ್ನೇ ಬಳಸಿಕೊಳ್ಳಬಹುದು ಎಂದು ಬಿಡಿಸಿ ನೋಡಿದ್ದರಿಂದ ಆದ ಕೆಲಸ ಅದು.

ಎಲ್ಲ ದೊಡ್ಡ ಕೆಲಸಗಳೂ ಪರ್ಯಾಯದಂತೆ ಸರದಿಯಲ್ಲಿ ಮತ್ತೆ ಮತ್ತೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಕಾರ್ಕಳದಲ್ಲಿ 1432ರ ಫೆಬ್ರುವರಿ 13ರಂದು ಭೈರವ ಅರಸ ವೀರಪಾಂಡ್ಯ ಪ್ರತಿಷ್ಠಾಪಿಸಿದ ಗೊಮ್ಮಟ ಸುಮಾರು 42 ಅಡಿ ಎತ್ತರದ ಒಂದೇ ಕಲ್ಲು. ಅದನ್ನು ಬೇರೆಡೆ ಕಡೆದು, ಬಂಡಿಯ ಮೇಲೇರಿಸಿ ಬಂಡೆಯ ನೆತ್ತಿಗೆ ಎಳೆದು ತಂದರೆಂದು ಪರಂಪರೆ ಹೇಳುತ್ತದೆ. ಅಂಥ ಕೆಲಸಕ್ಕೆ ಪೂರ್ವಾಭ್ಯಾಸವಿಲ್ಲ, ಎರಡನೆಯ ಅವಕಾಶವೂ ಇಲ್ಲ. ಐದು ಶತಮಾನದ ಮೇಲೆ ಅದೇ ಕಾರ್ಕಳದ ಬಳಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಧರ್ಮಸ್ಥಳಕ್ಕಾಗಿ 39 ಅಡಿಯ ಬಾಹುಬಲಿಯನ್ನು ಕಡೆದರು. ಕೆಲಸ ಆರಂಭವಾದದ್ದು ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ. ಅವರು 1968ರಲ್ಲಿ ತೀರಿಕೊಂಡರು. 1973ರಲ್ಲಿ ಹಲವು ಚಕ್ರಗಳ ದೈತ್ಯ ಟ್ರಾಲಿಯ ಮೇಲೆ ಮೂರ್ತಿ ಧರ್ಮಸ್ಥಳಕ್ಕೆ ಹೊರಟಾಗಲೂ, 1982ರಲ್ಲಿ ಪ್ರತಿಷ್ಠೆಯಾದಾಗಲೂ ಹೊಣೆ ಮಗ ವೀರೇಂದ್ರ ಹೆಗ್ಗಡೆಯವರದ್ದು. ಶುರುಮಾಡಿದವರು ಒಬ್ಬರು, ಮುಗಿಸಿದವರು ಇನ್ನೊಬ್ಬರು. ಕೆಲಸ ಕೈಬದಲಾಗುವ ಈ ಘಳಿಗೆಯೇ ಹೆಚ್ಚಿನ ಯೋಜನೆಗಳು ಮುಗ್ಗರಿಸುವ ಜಾಗ. ಕಚೇರಿಗಳಲ್ಲಿ ದಿನಾ ಕೇಳುವ ‘ನಾನು ಅವರಿಗೆ ಹೇಳಿದ್ದೆ’, ‘ನನಗೆ ಯಾರೂ ಹೇಳಲಿಲ್ಲ’ ಎಂಬ ಮಾತುಗಳು ಹುಟ್ಟುವುದೂ ಅಲ್ಲಿಯೇ.

ಪರ್ಯಾಯದಲ್ಲಿ ಆ ಘಳಿಗೆ ಹೇಗಿರುತ್ತದೆ ಎಂದು ನೋಡಬೇಕಾದರೆ ಕಾಪುವಿನಿಂದ ಹೊರಡಬೇಕು. ಅಲ್ಲಿ ದಂಡತೀರ್ಥ ಎಂಬ ಕೆರೆಯಿದೆ. ಬಾಲಕ ಮಧ್ವರು ಗುರುದಕ್ಷಿಣೆಯಾಗಿ ತಮ್ಮ ದಂಡದಿಂದ ನೀರು ಚಿಮ್ಮಿಸಿದ ಜಾಗವೆಂದು ಪ್ರತೀತಿ. ಪರ್ಯಾಯಕ್ಕೆ ಏರಲಿರುವ ಸ್ವಾಮಿಗಳು ಆ ರಾತ್ರಿ ಅಲ್ಲಿ ಮಿಂದು ಉಡುಪಿಯ ಜೋಡುಕಟ್ಟೆಗೆ ಬರುತ್ತಾರೆ. ಜನವರಿಯ ಚಳಿಯಲ್ಲಿ ಮಕ್ಕಳನ್ನು ಹೆಗಲಿಗೇರಿಸಿಕೊಂಡ ಜನ ರಸ್ತೆಯ ಎರಡೂ ಬದಿಗೆ ಕಾದು ನಿಂತಿರುತ್ತಾರೆ. ಮೆರವಣಿಗೆ ರಥಬೀದಿ ಸೇರುತ್ತದೆ. ಕನಕನ ಕಿಂಡಿಯಲ್ಲಿ ಕೃಷ್ಣನ ದರ್ಶನ, ಚಂದ್ರೇಶ್ವರ ಅನಂತೇಶ್ವರರಿಗೆ ನಮಸ್ಕಾರ, ಆಮೇಲೆ ಮಠದ ಬಾಗಿಲು. ಇಳಿಯುವ ಸ್ವಾಮಿಗಳು ಏರುವವರನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ. ಅಲ್ಲಿ ಅವರಿಗೆ ಒಪ್ಪಿಸುವುದು ಅಕ್ಷಯ ಪಾತ್ರೆ, ಸಟ್ಟುಗ ಮತ್ತು ಬೀಗದ ಕೈ. ಬಳಿಕ ಸರ್ವಜ್ಞ ಪೀಠದಲ್ಲಿ ಕುಳ್ಳಿರಿಸುತ್ತಾರೆ.

ಪಾತ್ರೆ, ಸಟ್ಟುಗ, ಕೀಲಿ. ದೊಡ್ಡ ಕಿರೀಟವಲ್ಲ, ಖಡ್ಗವಲ್ಲ. ಬಡಿಸುವವನ ಕೈಗೆ ಬೇಕಾದ ಸಾಮಾನು. ಸಟ್ಟುಗ ಈ ಕೈಯಲ್ಲಿ ಇರುವವರೆಗೆ ಹೊಣೆ ಇವರದ್ದು, ಆ ಕೈಗೆ ಹೋದ ಮೇಲೆ ಅವರದ್ದು. ನಡುವೆ ಯಾರದ್ದೂ ಅಲ್ಲದ ಹೊತ್ತು ಎಂಬುದಿಲ್ಲ. ಹಿಂದಿನ ದಿನದವರೆಗೆ ಒಬ್ಬರು ನಡೆಸಿದ 14 ಬಗೆಯ ನಿತ್ಯಪೂಜೆ ಆ ದಿನ ಇನ್ನೊಬ್ಬರಿಂದ ಮುಂದುವರಿಯುತ್ತದೆ, ಅಡುಗೆಮನೆಯ ಒಲೆ ಆರುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವೂ ಸಲೀಸಾಗಿ ನಡೆದಿದೆ ಎಂದಲ್ಲ. ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಸಮುದ್ರ ದಾಟಿ ವಿದೇಶಕ್ಕೆ ಹೋಗಿಬಂದವರು ಎಂಬ ಕಾರಣಕ್ಕೆ 2008ರ ಅವರ ಪರ್ಯಾಯಕ್ಕೆ ಇತರ ಮಠಗಳಿಂದ ಬಲವಾದ ಆಕ್ಷೇಪ ಬಂತು. ಪೂಜೆಯ ಹಕ್ಕಿನ ಬಗ್ಗೆಯೇ ತಕರಾರು ಎದ್ದು ಊರಿಡೀ ಎರಡು ಮಾತಾಯಿತು. ವಿವಾದ ಕೊನೆಯ ಗಳಿಗೆಯವರೆಗೂ ತಣ್ಣಗಾಗಲಿಲ್ಲ. ಆದರೆ ಜನವರಿ 18 ಮುಂದೆ ಹೋಗಲಿಲ್ಲ, ಪಾಳಿಯ ಕ್ರಮವೂ ಕದಲಲಿಲ್ಲ. ಭಿನ್ನಾಭಿಪ್ರಾಯ ತೀರಿದ ಮೇಲೆ ಕೆಲಸ ಎಂದು ಕಾದಿದ್ದರೆ ಏನಾಗುತ್ತಿತ್ತೋ. 16 ವರ್ಷ ಕಳೆದು 2024ರಲ್ಲಿ ಅದೇ ಸ್ವಾಮಿಗಳು ತಮ್ಮ ನಾಲ್ಕನೆಯ ಪರ್ಯಾಯ ಪೀಠವೇರಿದರು.

ಇನ್ನೂ ಕಠಿಣವಾದ ಪರೀಕ್ಷೆ ಶೀರೂರು ಮಠದ್ದು. 2018ರ ಜುಲೈಯಲ್ಲಿ ಲಕ್ಷ್ಮೀವರ ತೀರ್ಥರು ನಿಧನರಾದಾಗ ಅವರಿಗೆ ಉತ್ತರಾಧಿಕಾರಿ ಶಿಷ್ಯರಿರಲಿಲ್ಲ. ಮಠದ ಪಾಳಿ 2026ಕ್ಕೆ ಬರುವುದು ನಿಶ್ಚಿತ, ಪಾಳಿ ಹೊರುವವರು ಮಾತ್ರ ಇಲ್ಲ. ಇಂಥ ಹೊತ್ತಿಗೆಂದೇ ಎಂಟು ಮಠಗಳ ನಡುವೆ ದ್ವಂದ್ವ ಎಂಬ ವ್ಯವಸ್ಥೆಯಿದೆ. ಪಲಿಮಾರು ಅದಮಾರು ಒಂದು ಜೋಡಿ, ಕೃಷ್ಣಾಪುರ ಪುತ್ತಿಗೆ ಇನ್ನೊಂದು, ಶೀರೂರು ಸೋದೆ ಮತ್ತೊಂದು, ಕಾಣಿಯೂರು ಪೇಜಾವರ ಮಗದೊಂದು. ಒಂದು ಮಠಕ್ಕೆ ಯತಿಗಳಿಲ್ಲವಾದರೆ ಅದರ ಜೋಡಿ ಮಠ ಹೊಣೆ ಹೊರಬೇಕು, ಉತ್ತರಾಧಿಕಾರಿಯನ್ನು ನೇಮಿಸಬೇಕು. ಕಷ್ಟ ಬಂದಾಗ ಯಾರು ನೋಡಿಕೊಳ್ಳಬೇಕು ಎಂಬುದನ್ನು ಕಷ್ಟ ಬರುವ ಶತಮಾನಗಳ ಮೊದಲೇ ತೀರ್ಮಾನಿಸಿಟ್ಟಂತೆ. ಅದರಂತೆ ಸೋದೆ ಮಠದ ವಿಶ್ವವಲ್ಲಭ ತೀರ್ಥರು ಶೀರೂರಿನ ಉಸ್ತುವಾರಿ ವಹಿಸಿಕೊಂಡು, 2021ರ ಮೇ ತಿಂಗಳಲ್ಲಿ ವೇದವರ್ಧನ ತೀರ್ಥರನ್ನು ಪೀಠಕ್ಕೆ ತಂದರು. ಹದಿಹರೆಯದ ಹುಡುಗನಿಗೆ ಸಂನ್ಯಾಸವೇ ಎಂಬ ಪ್ರಶ್ನೆ ಹೈಕೋರ್ಟಿನವರೆಗೂ ಹೋಯಿತು. ಅದು ತಳ್ಳಿಹಾಕುವ ಪ್ರಶ್ನೆಯೇನೂ ಅಲ್ಲ. ಬಾಲಸಂನ್ಯಾಸಕ್ಕೆ ಕಾನೂನಿನ ತಡೆಯಿಲ್ಲವೆಂದು ನ್ಯಾಯಾಲಯ 2021ರಲ್ಲಿಯೇ ಹೇಳಿತು. ವ್ಯವಸ್ಥೆ ಅಚ್ಚುಕಟ್ಟಾಗಿದೆ ಎಂದಾಗ ಅದರ ಭಾರ ಯಾರ ಹೆಗಲ ಮೇಲೆ ಎಷ್ಟು ಬೇಗ ಬೀಳುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ. ಪೇಜಾವರದ ವಿಶ್ವೇಶ ತೀರ್ಥರೂ 1952ರಲ್ಲಿ ಮೊದಲ ಪರ್ಯಾಯಕ್ಕೆ ಏರಿದಾಗ ಇಪ್ಪತ್ತರ ಆಸುಪಾಸಿನ ತರುಣರು, ಹೆಚ್ಚು ಕಡಿಮೆ ಇಂದು ನನಗಾಗಿರುವ ವಯಸ್ಸು. 2016ರಲ್ಲಿ ಅವರು ಐದನೆಯ ಪರ್ಯಾಯ ಪೀಠವೇರಿದರು.

ಹೀಗೆ ಮಠಗಳ ಕಡೆಯಿಂದ ನೋಡಿದ್ದಾಯಿತು. ಊರಿನ ಕಡೆಯಿಂದ ಬರುವುದು ಹೊರೆಕಾಣಿಕೆ. ಪರ್ಯಾಯಕ್ಕೆ ಮೊದಲು ದಿನಕ್ಕೊಂದು ಊರಿನಿಂದ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ ಹೊತ್ತ ವಾಹನಗಳು ವಾದ್ಯದೊಡನೆ ಬರುತ್ತವೆ. ಕಟಪಾಡಿ ಬಳಿಯ ಮಟ್ಟುವಿನಿಂದ ಗುಳ್ಳ ಬರುತ್ತದೆ. ಈ ಬದನೆಯ ಬೀಜವನ್ನು ಊರವರಿಗೆ ಕೊಟ್ಟವರು ವಾದಿರಾಜರೇ ಎಂಬ ನಂಬಿಕೆಯಿದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಮಳೆ ನಿಂತ ಮೇಲೆ ನೆಟ್ಟ ಗುಳ್ಳ ಕೊಯ್ಲಿಗೆ ಬರುವುದು ಚಳಿಗಾಲದಲ್ಲಿ, ಪರ್ಯಾಯದ ಹೊತ್ತಿಗೆ ಸರಿಯಾಗಿ. ಮಟ್ಟುವಿನ ರೈತನಿಗೆ ಯಾರೂ ಸುತ್ತೋಲೆ ಕಳಿಸುವುದಿಲ್ಲ. ದಿನ ಯಾವುದೆಂದು ಅವನಿಗೆ ಗೊತ್ತು, ತನ್ನ ಗಿಡಕ್ಕೆ ಎಷ್ಟು ದಿನ ಬೇಕೆಂಬುದೂ ಗೊತ್ತು. ಅಷ್ಟು ಸಾಕು.

2026ರ ಜನವರಿ 18ರಿಂದ ಪಾಳಿ ಶೀರೂರು ಮಠದ್ದು. ಅದು ಕಳೆದರೆ 2028ರ ಜನವರಿ 18ಕ್ಕೆ ಅದರ ಜೋಡಿ ಮಠ ಸೋದೆಯ ಸರದಿ, ವಾದಿರಾಜರ ಮಠದ್ದು. ಅಂದರೆ ಅದಕ್ಕೆ ಬೇಕಾದ ಬಾಳೆಗಿಡಗಳು ಮಣ್ಣಿಗೆ ಇಳಿಯಬೇಕಾದದ್ದು 2026ರ ಕೊನೆಗೋ 2027ರ ಮೊದಲಿಗೋ.